ಹಳೇ 30-06 ಕೋವಿಯ ದುರಸ್ತಿ, ಮತ್ತು ನನ್ನ 175 ಗಜ

ಹೋದ ವರ್ಷ ನವೆಂಬರಿನಲ್ಲಿ ಒಂದು ಹೆಣ್ಣು ಜಿಂಕೆಗೆ ಈಡು ಹೊಡೆದು ಅದನ್ನು ಕಳೆದುಕೊಂಡೆ. ದೂರ 160 ಗಜ. ಜಿಂಕೆ ಅಡ್ಡಕ್ಕೆ ನಿಂತಿತ್ತು, ಬೆಳಕು ಚೆನ್ನಾಗಿತ್ತು, ಅವಸರ ಏನೂ ಇರಲಿಲ್ಲ. ಆದರೂ ಗುಂಡು ಕೆಳಗೆ ಹೋಗಿ ಮುಂಗಾಲಿಗೆ ಬಡಿಯಿತು. ಅದು ನಿಂತಿದ್ದ ಜಾಗಕ್ಕೆ ಹೋಗಿ ನೋಡಿದರೆ ಉಗುರಿನಷ್ಟು ಎಲುಬಿನ ಚೂರು, ನಾಲ್ಕೈದು ಹನಿ ರಕ್ತ, ಆಮೇಲೆ ಒಣಗಿದ ಓಕ್ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನಾಲ್ಕು ಗಂಟೆ ಹುಡುಕಿದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಹೋದೆ, ಮರುದಿನ ಬೆಳಿಗ್ಗೆಯೂ ಹೋದೆ. ಸಿಗಲಿಲ್ಲ.

ಆ ಎಲುಬಿನ ಚೂರನ್ನು ಜೇಬಲ್ಲಿ ಹಾಕಿಕೊಂಡು ಮನೆಗೆ ಬಂದೆ. ಅದು ಈಗಲೂ ಗ್ಯಾರೇಜಿನ ಕಿಟಕಿ ಕಟ್ಟೆಯ ಮೇಲಿದೆ. ತಪ್ಪು ಕೋವಿಯದಾ, ನನ್ನದಾ? ಇದಕ್ಕೆ ಉತ್ತರ ಸಿಗುವ ತನಕ ಇನ್ನೊಂದು ಜಿಂಕೆಯತ್ತ ಕೋವಿ ಎತ್ತುವುದಿಲ್ಲ ಅಂತ ತೀರ್ಮಾನ ಮಾಡಿದೆ. ಒಂದು ವರ್ಷದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಹಿನ್ನೆಲೆ ಸ್ವಲ್ಪ. ನಾನು ಸೋಮವಾರಪೇಟೆ ಕಡೆಯವನು. ಈಗ ವಿಸ್ಕಾನ್ಸಿನ್ ರಾಜ್ಯದ ನೈರುತ್ಯ ಭಾಗದಲ್ಲಿ, ಕಿಕಾಪೂ ನದಿಯ ಕಣಿವೆಗೆ ಹತ್ತಿರ ಇದ್ದೇನೆ. ಗುಡ್ಡ, ಕಮರಿ, ಓಕ್ ಕಾಡು, ನಡುನಡುವೆ ಮೆಕ್ಕೆಜೋಳದ ಹೊಲ. ಬೇಸಿಗೆಯಲ್ಲಿ ನೋಡಿದರೆ ನಮ್ಮ ಕಡೆಯ ಹಾಗೇ ಕಾಣುತ್ತದೆ, ನವೆಂಬರಿನಲ್ಲಿ ಮಾತ್ರ ಬೇರೆ ಲೋಕ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಇಲ್ಲ, ಇರಲೂಬಾರದು. ನನಗೆ ಅಲ್ಲಿ ಕೋವಿ ಅಂದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ನಳಿಗೆಗೆ ತೋಕ್‌ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆಗೆ ಇಡುತ್ತಿದ್ದದ್ದು, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇಲ್ಲಿ ವೈಟ್‌ಟೇಲ್ ಜಿಂಕೆಗಳ ಸಂಖ್ಯೆ ಜಾಸ್ತಿ. ರಾಜ್ಯ ಸರ್ಕಾರವೇ ಪರವಾನಗಿ ಕೊಟ್ಟು ಬೇಟೆ ನಡೆಸುತ್ತದೆ. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ತರಗತಿ ಪಾಸಾಗಬೇಕು. ನಾನೂ ಆಗಿದ್ದೇನೆ. ವರ್ಷಕ್ಕೊಂದು ಜಿಂಕೆ ಸಿಕ್ಕರೆ ಚಳಿಗಾಲ ಪೂರ್ತಿ ಮನೆಯಲ್ಲಿ ಅದರದ್ದೇ ಸಾರು, ಹುರಿದ ಮಾಂಸ.

ಕೋವಿ ನನ್ನ ಪಕ್ಕದ ಹೊಲದ ಅಜ್ಜನದು. ವಯಸ್ಸಾಯಿತು ಅಂತ ಬೇಟೆ ಬಿಟ್ಟಾಗ ನನಗೆ ಮಾರಿದರು. 30-06 ಬೋಲ್ಟ್ ಆ್ಯಕ್ಷನ್, ವಾಲ್‌ನಟ್ ಮರದ ಸ್ಟಾಕ್ (ಕೋವಿಯ ಮರದ ಭಾಗ), ಮೇಲೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. 30-06 ಅನ್ನುವುದು ತೋಟಾದ ಹೆಸರು, 1906ರಿಂದ ಬಳಕೆಯಲ್ಲಿದೆ, ಜಿಂಕೆಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಶಕ್ತಿ ಇದೆ. ಹಾಗಾಗಿ ಶಕ್ತಿ ಸಾಲದೇ ಹೀಗಾಯಿತು ಅನ್ನುವ ಮಾತಿಲ್ಲ. ಗುಂಡು ಎಲ್ಲಿ ಬೀಳುತ್ತದೆ ಅನ್ನುವುದೊಂದೇ ಪ್ರಶ್ನೆ.

ಜನವರಿ

ಬಿಚ್ಚುವ ಮೊದಲು ಕೋವಿ ಈಗ ಹೇಗೆ ಹೊಡೆಯುತ್ತಿದೆ ಅಂತ ಅಳೆದು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಏನು ಸುಧಾರಿಸಿತು ಅಂತ ಗೊತ್ತಾಗುವುದು ಹೇಗೆ? ಬಹಳ ಜನ ಮೂರು ಗುಂಡು ಹೊಡೆದು, ಮೂರೂ ಒಂದು ಇಂಚಿನೊಳಗೆ ಬಿದ್ದರೆ ಆ ಕಾಗದವನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಮೂರು ಗುಂಡು ಸಾಲದು. ಮೂರು ಅದೃಷ್ಟದಿಂದಲೂ ಹತ್ತಿರ ಬೀಳುತ್ತವೆ. ನಾನು ಹತ್ತು ಹೊಡೆಯುತ್ತೇನೆ, ಅದರಲ್ಲಿ ಅತ್ಯಂತ ದೂರದ ಎರಡು ತೂತುಗಳ ನಡುವೆ ಅಳೆಯುತ್ತೇನೆ. ಕೆಟ್ಟದಾಗಿ ಬಿದ್ದದ್ದನ್ನು ಬಿಟ್ಟು ಲೆಕ್ಕ ಹಾಕುವುದಿಲ್ಲ, ಏಕೆಂದರೆ ಕಾಡಿನಲ್ಲಿ ಬೀಳುವುದು ಆ ಕೆಟ್ಟ ಗುಂಡೇ ಇರಬಹುದು.

100 ಗಜ, ಬೆಂಚು, ಮುಂದೆ ಹಿಂದೆ ಮರಳು ಚೀಲ. ಹತ್ತು ಗುಂಡು ನಾಲ್ಕೂಕಾಲು ಇಂಚಿನಲ್ಲಿ ಹರಡಿದವು. ಅದಕ್ಕಿಂತ ಮುಖ್ಯ, ಹರಡಿದ ರೀತಿ. ಮೊದಲ ಎರಡು ಹತ್ತಿರ ಹತ್ತಿರ. ಮೂರನೆಯದು ಸ್ವಲ್ಪ ಬಲಕ್ಕೆ. ಐದು, ಆರು ಇನ್ನೂ ಬಲಕ್ಕೆ. ನಳಿಗೆ ಬಿಸಿಯಾಗುತ್ತಾ ಹೋದ ಹಾಗೆ ಗುಂಡು ಒಂದೇ ದಿಕ್ಕಿಗೆ ನಡೆದುಕೊಂಡು ಹೋಗುತ್ತಿದೆ. ನನ್ನ ಕೈ ತಪ್ಪಾಗಿದ್ದರೆ ಎಲ್ಲ ಕಡೆ ಚೆಲ್ಲಬೇಕಿತ್ತು, ಹೀಗೆ ಸಾಲಾಗಿ ಹೋಗುತ್ತಿರಲಿಲ್ಲ. ಏನೋ ನಳಿಗೆಯನ್ನು ಎಡದಿಂದ ತಳ್ಳುತ್ತಿದೆ ಅಂತ ಅನುಮಾನ ಬಂತು.

ಅನುಮಾನ ಬಂತು ಅಂತ ಸೀದಾ ಉಳಿ ಹಿಡಿಯಬಾರದು. ಖರ್ಚಿಲ್ಲದ ಕೆಲಸ ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಕೋಪಿನ ಬೇಸ್ ಸ್ಕ್ರೂ ನೋಡಿದೆ, ಗಟ್ಟಿಯಾಗಿದ್ದವು. ರಿಂಗಿನ ಒಂದು ಸ್ಕ್ರೂ ಕಾಲು ಸುತ್ತು ಸಡಿಲ. ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ 18 ಇಂಚು-ಪೌಂಡಿಗೆ ಬಿಗಿ ಮಾಡಿ ಮತ್ತೆ ಹತ್ತು ಹೊಡೆದೆ. ನಾಲ್ಕೂಕಾಲು. ಏನೂ ಬದಲಾಗಲಿಲ್ಲ.

ಆಮೇಲೆ ನಳಿಗೆ ಸ್ವಚ್ಛ ಮಾಡಿದೆ. ಅಜ್ಜ ವರ್ಷಗಟ್ಟಲೆ ಎಣ್ಣೆ ಬಟ್ಟೆ ಮಾತ್ರ ಎಳೆದಿದ್ದರು ಅನ್ನಿಸುತ್ತದೆ. ತಾಮ್ರ ಕರಗಿಸುವ ದ್ರಾವಣ ಹಾಕಿ ಹತ್ತು ನಿಮಿಷ ಬಿಟ್ಟು ಬಟ್ಟೆ ಎಳೆದರೆ ನೀಲಿ. ಮತ್ತೆ ನೀಲಿ. ಎರಡು ಸಂಜೆ ಹಿಡಿಯಿತು ಬಟ್ಟೆ ಬಿಳಿಯಾಗಿ ಬರಲು. ನಳಿಗೆಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಗುಂಡು ಹೊರಬೀಳುವ ಆ ಅಂಚಿನಲ್ಲಿ ಒಂದು ಸಣ್ಣ ಜಜ್ಜು ಇದ್ದರೂ ಗುಂಡು ವಾಲುತ್ತದೆ, ಆದರೆ ಅಂಚು ಚೆನ್ನಾಗಿತ್ತು. ಮತ್ತೆ ಹತ್ತು. ನಾಲ್ಕು ಇಂಚು. ಬಲಕ್ಕೆ ನಡೆಯುವುದು ನಿಲ್ಲಲಿಲ್ಲ.

ಫೆಬ್ರುವರಿ

ಈಗ ಕಾಗದದ ಪರೀಕ್ಷೆ. ನಳಿಗೆ ಮತ್ತು ಸ್ಟಾಕಿನ ಮುಂಭಾಗದ ನಡುವೆ ಕಾಗದದ ಪಟ್ಟಿ ಹಾಕಿ ಹಿಂದಕ್ಕೆ ಎಳೆಯುತ್ತಾ ಬರಬೇಕು. ಬಲಗಡೆ ಸಲೀಸಾಗಿ ಹೋಯಿತು. ಎಡಗಡೆ ತುದಿಯಿಂದ ಮೂರು ಇಂಚಿನಲ್ಲೇ ಗಪ್ಪಂತ ಹಿಡಿಯಿತು. ಮರ ತಿರುಚಿಕೊಂಡು ನಳಿಗೆಯನ್ನು ಒತ್ತುತ್ತಿದೆ. ಮರ ಅಂದ ಮೇಲೆ ತೇವ ಕುಡಿಯುತ್ತದೆ, ಒಣಗುತ್ತದೆ, ಉಬ್ಬುತ್ತದೆ. ಆಗಸ್ಟಿನ ಬಿಸಿಲಿನಲ್ಲಿ ಗುರಿ ಸರಿಮಾಡಿ, ನವೆಂಬರಿನ ಹಿಮ ಮಳೆಯಲ್ಲಿ ಅದೇ ಕೋವಿ ಹಿಡಿದರೆ ಅದು ಅದೇ ಕೋವಿ ಅಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ, ಏಕೆಂದರೆ ಬೆರಳಿಗೇ ಗೊತ್ತಾಗುತ್ತದೆ. ಬೋಲ್ಟ್ ತೆಗೆದು, ಕೋವಿ ಖಾಲಿ ಅಂತ ಎರಡು ಸಲ ನೋಡಿ, ನಳಿಗೆ ಮೇಲಕ್ಕೆ ಮಾಡಿ ನಿಲ್ಲಿಸಿ. ಎಡಗೈ ಬೆರಳನ್ನು ಸ್ಟಾಕಿನ ತುದಿ ಮತ್ತು ನಳಿಗೆ ಸೇರುವಲ್ಲಿ ಇಡಿ, ಎರಡನ್ನೂ ಮುಟ್ಟುವ ಹಾಗೆ. ಬಲಗೈಯಲ್ಲಿ ಆ್ಯಕ್ಷನ್ನಿನ, ಅಂದರೆ ನಳಿಗೆಯ ಹಿಂದೆ ಬೋಲ್ಟ್ ಕೂರುವ ಕಬ್ಬಿಣದ ಭಾಗದ, ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲಿಸಿ. ಕಬ್ಬಿಣ ಮರದಲ್ಲಿ ನೆಟ್ಟಗೆ ಕೂತಿದ್ದರೆ ಬೆರಳಿಗೆ ಏನೂ ಗೊತ್ತಾಗಬಾರದು. ನನ್ನದರಲ್ಲಿ ನಳಿಗೆ ಉಸಿರು ಬಿಟ್ಟ ಹಾಗೆ ಮೇಲಕ್ಕೆದ್ದಿತು. ಅಂದರೆ ಪ್ರತಿ ಸಲ ಸ್ಕ್ರೂ ಬಿಗಿ ಮಾಡಿದಾಗ ಆ್ಯಕ್ಷನ್ ಬಿಲ್ಲಿನ ಹಾಗೆ ಬಾಗಿ ಕೂರುತ್ತಿತ್ತು. ಪ್ರತಿ ಗುಂಡಿಗೂ ಅದು ಸ್ವಲ್ಪ ಬೇರೆ ಕಡೆ ಕೂತರೆ ಆಶ್ಚರ್ಯ ಏನಿದೆ?

ಬಿಚ್ಚಿದೆ. ರಿಕಾಯಿಲ್ ಲಗ್ ಅಂತ ಆ್ಯಕ್ಷನ್ನಿನ ಕೆಳಗೆ ಒಂದು ದಪ್ಪ ಹಲ್ಲು ಇರುತ್ತದೆ. ಗುಂಡು ಹಾರಿದಾಗ ಬರುವ ಒದೆತವನ್ನೆಲ್ಲ ಮರಕ್ಕೆ ದಾಟಿಸುವುದು ಅದೇ. ಅದರ ಹಿಂಭಾಗ ಪೂರ್ತಿ ಮರಕ್ಕೆ ಆನಿಕೊಂಡಿರಬೇಕು. ಆನಿಕೊಂಡಿದೆಯಾ ಅಂತ ನೋಡಲು ಮನೆಯಲ್ಲಿದ್ದ ಕಾಡಿಗೆ ಡಬ್ಬಿ ತಂದು ಲಗ್ಗಿಗೆ ತೆಳ್ಳಗೆ ಸವರಿ, ಕೂರಿಸಿ, ತೆಗೆದೆ. ಮರದ ಮೇಲೆ ಎಡಮೂಲೆಯಲ್ಲಿ ಕಡಲೆಬೇಳೆಯಷ್ಟು ಕಪ್ಪು ಚುಕ್ಕೆ. ಅಷ್ಟೇ. ಇಡೀ ಒದೆತ ಆ ಒಂದು ಚುಕ್ಕೆಯ ಮೇಲೆ ಬೀಳುತ್ತಿತ್ತು, ಅಲ್ಲಿ ಮರ ಜಜ್ಜಿ ಹೊಳಪು ಬಂದಿತ್ತು.

ಸರಿ, ಬೆಡ್ಡಿಂಗ್ ಮಾಡಲೇಬೇಕು. ಅಂದರೆ ಆ್ಯಕ್ಷನ್ ಕೂರುವ ಜಾಗದಲ್ಲಿ ಮರ ಸ್ವಲ್ಪ ತೆಗೆದು ಎಪಾಕ್ಸಿ ತುಂಬಿ, ಅದು ಗಟ್ಟಿಯಾಗುವ ಮೊದಲು ಆ್ಯಕ್ಷನ್ ಕೂರಿಸುವುದು. ಎಪಾಕ್ಸಿ ಕಬ್ಬಿಣದ ಅಚ್ಚು ಹಿಡಿದುಕೊಂಡು ಗಟ್ಟಿಯಾಗುತ್ತದೆ.

ಕೆಲಸದ ಮುಕ್ಕಾಲು ಪಾಲು ತಯಾರಿಯೇ. ಲಗ್ಗಿನ ಹಿಂದೆ, ಸುತ್ತ, ಆಮೇಲೆ ಹಿಂದಿನ ಸ್ಕ್ರೂ ಹತ್ತಿರ, ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಮರ ಕೆತ್ತಿದೆ. ತಳ ಒರಟಾಗಿಯೇ ಇರಬೇಕು, ಎಪಾಕ್ಸಿ ಕಚ್ಚಿ ಹಿಡಿಯಲು. ಹಳೇ ಎಣ್ಣೆ ಹೀರಿದ ಮರವನ್ನು ಅಸಿಟೋನ್‌ನಲ್ಲಿ ಮೂರು ಸಲ ಒರೆಸಿದೆ. ಲಗ್ಗಿನ ಮುಂದೆ, ಎರಡು ಪಕ್ಕ ಮತ್ತು ಕೆಳಗೆ ಟೇಪ್ ಅಂಟಿಸಿದೆ. ಹಿಂಭಾಗಕ್ಕೆ ಮಾತ್ರ ಟೇಪ್ ಹಾಕಬಾರದು. ಟೇಪ್ ಇದ್ದ ಕಡೆ ಆಮೇಲೆ ಕೂದಲೆಳೆ ಸಂದು ಉಳಿಯುತ್ತದೆ, ಹಿಂಭಾಗ ಪೂರ್ತಿ ಆನಿಕೊಳ್ಳುತ್ತದೆ. ನಮಗೆ ಬೇಕಾದ್ದು ಅದೇ. ಟ್ರಿಗರ್ ಭಾಗವನ್ನು ಇಡಿಯಾಗಿ ತೆಗೆದು ಪಕ್ಕಕ್ಕಿಟ್ಟೆ. ಅದರ ಒಳಗೆ ಕೈ ಹಾಕಲಿಲ್ಲ, ಅದು ಕಸುಬುದಾರನ ಕೆಲಸ. ಎಲ್ಲ ತೂತುಗಳಿಗೂ ಮಕ್ಕಳು ಆಡುವ ಜೇಡಿಮಣ್ಣು ತುಂಬಿದೆ. ಒಂದು ತೂತು ಮರೆತು ಎಪಾಕ್ಸಿ ಒಳಗೆ ಹೋಗಿ ಬೀಗ ಹಾಕಿಕೊಂಡರೆ ಕೋವಿ ಮತ್ತೆ ಬಿಚ್ಚುವುದಿಲ್ಲ.

ಎಪಾಕ್ಸಿ ಮುಟ್ಟುವ ಕಬ್ಬಿಣಕ್ಕೆಲ್ಲ ಬಣ್ಣವಿಲ್ಲದ ಶೂ ಪಾಲಿಶ್ ಎರಡು ಪದರ. ಸ್ಕ್ರೂಗಳಿಗೂ, ಸ್ಕ್ರೂವಿನ ಮರೆಗಳಿಗೂ. ಎಲ್ಲ ಆಯಿತು ಅಂದುಕೊಂಡ ಮೇಲೆ ದೀಪ ಹಿಡಿದು ಇನ್ನೊಮ್ಮೆ ನೋಡಿದೆ. ಹಿಂದಿನ ಮೂಲೆಯಲ್ಲಿ ಬೆರಳಿನಗಲ ಜಾಗ ಬಿಟ್ಟು ಹೋಗಿತ್ತು! ಹಾಗಾಗಿ ಈ ಕೆಲಸ ಮಾಡುವವರು ದಯವಿಟ್ಟು ರಾತ್ರಿ ಹತ್ತು ಗಂಟೆಗೆ ಶುರು ಮಾಡಬೇಡಿ.

ಎಪಾಕ್ಸಿ ಕಲಸಿ, ಗಾಳಿ ಗುಳ್ಳೆ ಬಾರದ ಹಾಗೆ ಕಡ್ಡಿಯಲ್ಲಿ ಮೂಲೆಗಳಿಗೆ ಒತ್ತಿ ತುಂಬಿದೆ. ಆ್ಯಕ್ಷನ್ ನಿಧಾನಕ್ಕೆ ಇಳಿಸಿದೆ. ಸ್ಕ್ರೂ ಬಿಗಿಯುವಂತಿಲ್ಲ, ಬಿಗಿದರೆ ಹಳೇ ಬಾಗು ಹಾಗೇ ಅಚ್ಚಾಗುತ್ತದೆ. ತಲೆ ಕತ್ತರಿಸಿದ ಸ್ಕ್ರೂಗಳನ್ನು ದಾರಿಗೆ ಮಾತ್ರ ಹಾಕಿ, ರಬ್ಬರ್ ಟ್ಯೂಬನ್ನು ಸುತ್ತಿ ಮೆಲ್ಲಗೆ ಹಿಡಿದು ನಿಲ್ಲಿಸಿದೆ. ಮುಂದೆ ನಳಿಗೆಗೆ ಟೇಪ್ ಸುತ್ತಿ, ಸ್ಟಾಕಿನಲ್ಲಿ ಅದು ಕೂರುವ ಕಾಲುವೆಯ ಮಧ್ಯಕ್ಕೆ ಬರುವ ಹಾಗೆ ಮಾಡಿದ್ದೆ. ಹೊರಗೆ ಉಕ್ಕಿದ ಎಪಾಕ್ಸಿಯನ್ನು ವಿನೆಗರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಗಟ್ಟಿಯಾದ ಮೇಲೆ ಅದು ಬಗ್ಗುವುದಿಲ್ಲ.

ನೆಲಮಾಳಿಗೆಯಲ್ಲಿ ಹೀಟರ್ ಪಕ್ಕ 24 ಗಂಟೆ ಇಟ್ಟೆ. ಎಪಾಕ್ಸಿಗೆ ಬೆಚ್ಚಗಿರಬೇಕು. ಆಮೇಲೆ ತೆಗೆಯಲು ಹೋದರೆ ಅಲ್ಲಾಡಲಿಲ್ಲ. ಹೊಟ್ಟೆಯಲ್ಲಿ ಒಂಥರಾ ಆಯಿತು. ಇಂಥ ಹೊತ್ತಿನಲ್ಲಿ ಕೆಲವರು ಫ್ರೀಜರಿನಲ್ಲಿ ಇಡುತ್ತಾರೆ, ಕಬ್ಬಿಣ ಕುಗ್ಗಿ ಬಿಡುತ್ತದೆ. ವಿಸ್ಕಾನ್ಸಿನ್ನಿನ ಫೆಬ್ರುವರಿಯಲ್ಲಿ ಫ್ರೀಜರ್ ಯಾಕೆ? ಬೀಗ ಹಾಕಿದ ಗ್ಯಾರೇಜಿನಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ರಬ್ಬರ್ ಸುತ್ತಿಗೆಯಲ್ಲಿ ನಳಿಗೆಯ ಕೆಳಗೆ ಎರಡು ಸಲ ತಟ್ಟಿದೆ. ಟಕ್ ಅಂತ ಬಿಟ್ಟುಕೊಂಡಿತು. ಒಳಗೆ ನೋಡಿದರೆ ಆ್ಯಕ್ಷನ್ನಿನ ಕೆಳಗಿನ ಅಕ್ಷರಗಳೂ ಎಪಾಕ್ಸಿಯಲ್ಲಿ ಉಲ್ಟಾ ಮೂಡಿದ್ದವು. ಲಗ್ಗಿನ ಬಲಮೂಲೆಯಲ್ಲಿ ಮಾತ್ರ ಬಟಾಣಿಯಷ್ಟು ಗಾಳಿಗುಳ್ಳೆ ಉಳಿದಿತ್ತು. ಅದನ್ನು ಒರಟು ಮಾಡಿ ಮತ್ತೆ ಸ್ವಲ್ಪ ಕಲಸಿ ತುಂಬಿದೆ, ಇನ್ನೊಂದು ದಿನ ಹೋಯಿತು.

ಇನ್ನು ನಳಿಗೆಯ ಕಾಲುವೆ. ದುಂಡು ಕೋಲಿಗೆ ಉಪ್ಪು ಕಾಗದ ಸುತ್ತಿ ಉಜ್ಜಿದೆ, ಎಡಗಡೆ ಜಾಸ್ತಿ. ಊರಿಂದ ಬಂದಿದ್ದ ಮದುವೆ ಕಾರ್ಡು ಒಂದಿತ್ತು, ಒಳ್ಳೇ ದಪ್ಪ ಕಾಗದದ್ದು. ಅದನ್ನು ಮಡಿಸಿ ಎರಡು ಪದರ ಮಾಡಿ, ಲಗ್ಗಿನ ತನಕ ಎಲ್ಲೂ ಹಿಡಿಯದೆ ಜಾರಬೇಕು ಅಂತ ಅಳತೆ ಇಟ್ಟುಕೊಂಡೆ. ಉಜ್ಜು, ಕೂರಿಸು, ಕಾರ್ಡು ಜಾರಿಸು, ಮತ್ತೆ ಉಜ್ಜು. ಕೊನೆಗೆ ಕೆತ್ತಿದ ಹಸಿ ಮರಕ್ಕೆಲ್ಲ ಪಾಲಿಯುರಿಥೇನ್ ಮೂರು ಕೋಟ್. ಸ್ಟಾಕಿನ ಹೊರಮೈ ಮಿರಮಿರ ಮಿಂಚುತ್ತಿದ್ದರೂ ಒಳಗೆ ಬರೀ ಮರ ಬಿಟ್ಟಿದ್ದರೆ ನೀರು ಒಳಗಿಂದಲೇ ಕುಡಿಯುತ್ತದೆ, ಅಲ್ವಾ?

ಸ್ಕ್ರೂಗಳನ್ನು 40 ಇಂಚು-ಪೌಂಡಿಗೆ ಬಿಗಿ ಮಾಡಿ, ಬೆರಳು ಇಟ್ಟು, ಮುಂದಿನದನ್ನು ಸಡಿಲಿಸಿದೆ. ಬೆರಳಿಗೆ ಏನೂ ಗೊತ್ತಾಗಲಿಲ್ಲ. ಮತ್ತೆ ಮಾಡಿದೆ. ಏನೂ ಇಲ್ಲ.

ಏಪ್ರಿಲ್

ಹಿಮ ಕರಗಿದ ಮೇಲೆ ಗುಂಡು ಹೊಡೆಯುವ ರೇಂಜಿಗೆ ಹೋದೆ. ಅದೇ ಬೆಂಚು, ಅದೇ 165 ಗ್ರೇನ್ (ಗುಂಡಿನ ತೂಕ) ಕಾರ್ಖಾನೆ ತೋಟಾ, ಹತ್ತು ಗುಂಡು. ಒಂದೂಮುಕ್ಕಾಲು ಇಂಚು. ಬಲಕ್ಕೆ ನಡೆಯುವುದು ನಿಂತಿತ್ತು. ಮೊದಲನೆಯದೂ ಹತ್ತನೆಯದೂ ಒಂದೇ ಗುಂಪಿನಲ್ಲಿ. 180 ಗ್ರೇನಿನದನ್ನೂ ಹೊಡೆದು ನೋಡಿದೆ, ಎರಡೂವರೆ ಬಂತು. ಹಾಗಾಗಿ 165 ಅಂತ ಇಟ್ಟುಕೊಂಡು ಒಂದೇ ಲಾಟಿನ ನಾಲ್ಕು ಡಬ್ಬ ತಂದೆ.

ಗುರಿಯನ್ನು 100 ಗಜಕ್ಕೆ ಎರಡು ಇಂಚು ಮೇಲೆ ಇಟ್ಟೆ. ಈ ಗುಂಡು ಸೆಕೆಂಡಿಗೆ ಸುಮಾರು 2800 ಅಡಿ ವೇಗದಲ್ಲಿ ಹೊರಡುತ್ತದೆ. 100ಕ್ಕೆ ಎರಡು ಇಂಚು ಮೇಲಿದ್ದರೆ 200 ಗಜದಲ್ಲಿ ಸರಿಯಾಗಿ ಗುರಿಗೆ ಬರುತ್ತದೆ, 300ರಲ್ಲಿ ಎಂಟು ಇಂಚಿನ ಆಸುಪಾಸು ಕೆಳಗೆ ಬೀಳುತ್ತದೆ. ಅಂದರೆ 200ರ ತನಕ ಮೇಲೆ ಕೆಳಗೆ ಅಂತ ಲೆಕ್ಕವೇ ಬೇಡ, ಸೀದಾ ಗುರಿ ಇಟ್ಟರೆ ಸಾಕು.

ಆ ದಿನ ಬಹಳ ಖುಷಿಯಾಗಿತ್ತು. ತಪ್ಪು ಕೋವಿಯದೇ ಅಂತ ಸಮಾಧಾನ ಕೂಡ ಆಗಿತ್ತು. ಆ ಸಮಾಧಾನ ಮೇ ತಿಂಗಳ ತನಕ ಇತ್ತು.

ಮೇ

ಜಿಂಕೆಗೆ ಬೆಂಚಿನ ಮೇಲಿಂದ ಯಾರೂ ಗುಂಡು ಹೊಡೆಯುವುದಿಲ್ಲ. ಹೋದ ವರ್ಷ ನಾನು ಮರಕ್ಕೆ ಒರಗಿ ಕೂತು, ಎರಡು ಕೋಲಿನ ಮೇಲೆ ಕೋವಿ ಇಟ್ಟುಕೊಂಡಿದ್ದೆ. ಹಾಗಿದ್ದರೆ ಹಾಗೇ ಅಳೆಯಬೇಕು.

ಜಿಂಕೆಯಲ್ಲಿ ಗುಂಡು ಬೀಳಬೇಕಾದ ಜಾಗ ಹೃದಯ ಮತ್ತು ಶ್ವಾಸಕೋಶ, ಮುಂಗಾಲಿನ ಭುಜದ ಸ್ವಲ್ಪ ಹಿಂದೆ. ಎಂಟು ಇಂಚಿನ ವೃತ್ತ ಅಂತ ಲೆಕ್ಕ. ನಮ್ಮ ಮನೆಯ ಸ್ಟೀಲ್ ತಿಂಡಿ ತಟ್ಟೆ ಅಳೆದು ನೋಡಿದೆ, ಸರಿಯಾಗಿ ಎಂಟು ಇಂಚು. ಅದನ್ನು ರಟ್ಟಿನ ಮೇಲೆ ಇಟ್ಟು ಗೆರೆ ಎಳೆದು ಹತ್ತು ವೃತ್ತ ಮಾಡಿದೆ. ನಡುವೆ ಚುಕ್ಕೆ ಹಾಕಲಿಲ್ಲ. ಜಿಂಕೆಯ ಮೈಮೇಲೆ ಚುಕ್ಕೆ ಇರುವುದಿಲ್ಲ, ಎಲ್ಲಿ ನಡು ಅಂತ ಕಣ್ಣೇ ಹುಡುಕಬೇಕು.

ನನ್ನ ಮಗಳು ದೂರದರ್ಶಕ ಹಿಡಿದು ಪಕ್ಕದಲ್ಲಿ ಕೂತಳು. ನಾನು ರೇಂಜಿನ ಹಿಂದಿನ ದಿಬ್ಬ ಒಂದು ಸಲ ಹತ್ತಿ ಇಳಿದು ಬಂದೆ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಕೂತು ಕೋಲಿನ ಮೇಲೆ ಕೋವಿ ಇಟ್ಟೆ. ಹತ್ತು ಸೆಕೆಂಡಿನೊಳಗೆ ಒಂದು ಗುಂಡು. ಎದ್ದು ಮತ್ತೆ ದಿಬ್ಬ. ಹೀಗೆ ಹತ್ತು ಸಲ, 100 ಗಜಕ್ಕೆ.

ಹರಡಿದ್ದು ಐದು ಇಂಚು. ಒಂದೂಮುಕ್ಕಾಲು ಹೊಡೆಯುವ ಕೋವಿಯಲ್ಲಿ ಐದು!

ಆಮೇಲೆ ದೂರ 160 ಗಜ ಮಾಡಿದೆ. ಮಗಳು ಒಂದೊಂದೇ ಹೇಳುತ್ತಾ ಬಂದಳು. "ಅಪ್ಪಾ, ಒಳಗೆ. ಒಳಗೆ. ಗೆರೆ ಮೇಲೆ." ಆರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಇದು ತಟ್ಟೆ ಹೊರಗೆ, ಕೆಳಗೆ" ಅಂದಳು. ಕೆಳಗೆ. ಹೋದ ನವೆಂಬರಿನಲ್ಲಿ ಬಿದ್ದ ಕಡೆಯೇ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಒದೆತಕ್ಕೆ ಹೆದರಿ ಭುಜ ಮುಂದೆ ತಳ್ಳುತ್ತಿದ್ದೇನೆ, ನಳಿಗೆ ತಗ್ಗುತ್ತಿದೆ. ಮರುದಿನ ಮಗಳಿಗೆ ಹೇಳಿ ನನಗೆ ಕಾಣದ ಹಾಗೆ ನಡುನಡುವೆ ಖಾಲಿ ತೋಟಾ ಹಾಕಿಸಿದಾಗ ಇದು ಖಚಿತವಾಯಿತು. ಖಾಲಿ ಬಂದಾಗ ನಳಿಗೆ ಕಣ್ಣಿಗೆ ಕಾಣುವ ಹಾಗೆ ಮುಗ್ಗರಿಸಿತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಕೋವಿಯ ತಪ್ಪು, ನನ್ನ ತಪ್ಪು ಎರಡನ್ನೂ ಸುಮ್ನೆ ಕೂಡಿಸಬಾರದು. ಒಂದು ಎಡಕ್ಕೆ ಎಳೆದಾಗ ಇನ್ನೊಂದು ಬಲಕ್ಕೆ ಎಳೆದು ಸರಿಹೋಗುವುದೂ ಉಂಟು. ಹಾಗಾಗಿ ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಒಟ್ಟು ಐದು ಇಂಚು, ಅದರಲ್ಲಿ ಕೋವಿಯದು ಒಂದೂಮುಕ್ಕಾಲು ಅಂದರೆ ನನ್ನದು 4.7 ಬರುತ್ತದೆ. ಹೋದ ವರ್ಷ ಕೋವಿಯದು ಸುಮಾರು ನಾಲ್ಕು ಇತ್ತು. ನಾಲ್ಕು ಮತ್ತು 4.7 ಸೇರಿದರೆ 6.2 ಇಂಚು, 100 ಗಜಕ್ಕೆ. 160 ಗಜಕ್ಕೆ ಅದು ಹತ್ತು ಇಂಚು. ತಟ್ಟೆ ಎಂಟೇ ಇಂಚು.

ಅಂದರೆ ಆ ಗುಂಡು ನಾನು ಹೊಡೆಯಬಾರದಿದ್ದ ಗುಂಡು. ತಪ್ಪು ಕೋವಿಯದು ಎಷ್ಟೋ ನನ್ನದೂ ಅಷ್ಟೇ, ಸ್ವಲ್ಪ ಜಾಸ್ತಿಯೇ. ಹಳೇ ಸ್ಥಿತಿಯಲ್ಲಿ ನನ್ನ ನ್ಯಾಯವಾದ ದೂರ, ಅಂದರೆ ಗುಂಡೆಲ್ಲ ತಟ್ಟೆಯೊಳಗೇ ಬೀಳುವ ದೂರ, 130 ಗಜ. ಕೋವಿ ದುರಸ್ತಿ ಮಾಡಿದ್ದರಿಂದ ಅದು 160 ಆಯಿತು. ಎರಡು ತಿಂಗಳ ಕೆಲಸಕ್ಕೆ 30 ಗಜ ಸಿಕ್ಕಿತು. ಇದೇ ಕೋವಿಯನ್ನು ಸಾವಿರಾರು ಡಾಲರ್ ಸುರಿದು ಅರ್ಧ ಇಂಚಿಗೆ ತಂದರೂ ನನ್ನ 4.7 ಹಾಗೇ ಇದ್ದರೆ ಒಟ್ಟು 4.7ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಹತ್ತು ಗಜವೂ ಜಾಸ್ತಿ ಸಿಗುವುದಿಲ್ಲ. ಈ ಲೆಕ್ಕ ನೋಡಿದ ಮೇಲೆ ಹೊಸ ನಳಿಗೆ, ಹೊಸ ಸ್ಕೋಪ್ ಅಂತ ಯೋಚಿಸುವುದನ್ನೇ ಬಿಟ್ಟೆ.

ಜೂನ್‌ನಿಂದ ಅಕ್ಟೋಬರ್

ಈ ಐದು ತಿಂಗಳು ದುರಸ್ತಿ ಆದದ್ದು ನನ್ನದು. ದಿನಾ ಸಂಜೆ ನೆಲಮಾಳಿಗೆಯಲ್ಲಿ ಹದಿನೈದು ನಿಮಿಷ ಖಾಲಿ ಕೋವಿ. ತೋಟಾ ಎಲ್ಲ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಗೋಡೆಯ ಮೇಲೆ ಸಣ್ಣ ಗುರುತು, ಕೂತು, ಕೋಲಿನ ಮೇಲೆ ಇಟ್ಟು, ಟ್ರಿಗರ್ ಬಿದ್ದಾಗ ಸ್ಕೋಪಿನ ಗೆರೆ ಅಲ್ಲಾಡಿತಾ ಅಂತ ನೋಡುವುದು. ವಾರಕ್ಕೊಮ್ಮೆ 22 ಕ್ಯಾಲಿಬರಿನ ಸಣ್ಣ ಕೋವಿಯಲ್ಲಿ 50 ಗಜಕ್ಕೆ ಐವತ್ತು ಗುಂಡು. ಅದಕ್ಕೆ ಒದೆತ ಇಲ್ಲ, ಖರ್ಚೂ ಕಡಿಮೆ. ದೊಡ್ಡ ಕೋವಿಯಲ್ಲಿ ತಿಂಗಳಿಗೆ ಇಪ್ಪತ್ತೇ ಗುಂಡು. ಒಂದೇ ದಿನ ಅರವತ್ತು ಹೊಡೆದರೆ ಭುಜ ಕಲಿಯುವುದು ಹೆದರಿಕೆಯನ್ನೇ.

ತಣ್ಣನೆ ನಳಿಗೆಯ ಕಾಗದ ಅಂತ ಒಂದನ್ನು ಇಟ್ಟುಕೊಂಡೆ. ಇದನ್ನು ಎಲ್ಲರೂ ಮಾಡಬೇಕು ಅಂತ ನನ್ನ ಆಸೆ. ರೇಂಜಿಗೆ ಹೋದಾಗಲೆಲ್ಲ ಮೊದಲ ಗುಂಡನ್ನು ಆ ಒಂದು ಕಾಗದಕ್ಕೇ ಹೊಡೆಯುವುದು, ಕೂತು, ಕೋಲಿನ ಮೇಲಿಂದ. ಒಂದೇ ಒಂದು. ಆಮೇಲೆ ಕಾಗದ ಬಿಚ್ಚಿ, ತೂತಿನ ಪಕ್ಕ ತಾರೀಕು ಬರೆದು, ಮಡಿಸಿ ಇಡುವುದು. ಮುಂದಿನ ವಾರ ಅದೇ ಕಾಗದ. ಊರಿನ ತೆಂಗಿನಕಾಯಿ ಸ್ಪರ್ಧೆಯೂ ಹೀಗೇ ಅಲ್ವಾ? ಸರದಿ ಬಂದಾಗ ಕಾಯಿ ಒಡೆಯಬೇಕು, ಕೈ ಬೆಚ್ಚಗಾಗಲಿ ಅಂತ ಯಾರೂ ಕಾಯುವುದಿಲ್ಲ. ಜಿಂಕೆಗೂ ಮೊದಲ ಗುಂಡೇ ಲೆಕ್ಕ. ಅಕ್ಟೋಬರ್ ಕೊನೆಗೆ ಆ ಕಾಗದದಲ್ಲಿ ಹದಿನಾಲ್ಕು ತೂತು ಇದ್ದವು, ಮಳೆಯ ದಿನದ್ದು, 90 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯದ್ದು, ಮೊದಲ ಹಿಮದ ಬೆಳಗಿನದ್ದು ಎಲ್ಲ ಸೇರಿ. ಹದಿನಾಲ್ಕೂ ಮೂರೂವರೆ ಇಂಚಿನೊಳಗೆ.

ಮೂರೂವರೆ ಇಂಚು ಅಂದರೆ ಎಂಟು ಇಂಚಿನ ತಟ್ಟೆಗೆ 225 ಗಜದ ತನಕ ಸಾಗುತ್ತದೆ. ಕೋವಿ ದುರಸ್ತಿ 30 ಗಜ ಕೊಟ್ಟಿತ್ತು, ಸಂಜೆಯ ಹದಿನೈದು ನಿಮಿಷ ಅದಕ್ಕಿಂತ ದುಪ್ಪಟ್ಟು ಕೊಟ್ಟಿತು.

ಆದರೂ 225 ಅಂತ ಬರೆದುಕೊಳ್ಳಲಿಲ್ಲ. ಗಾಳಿ ಇದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಈ ಗುಂಡನ್ನು 100 ಗಜದಲ್ಲಿ ಒಂದು ಇಂಚೂ ಸರಿಸುವುದಿಲ್ಲ, 200ರಲ್ಲಿ ಸುಮಾರು ಮೂರು ಇಂಚು, 300ರಲ್ಲಿ ಏಳು. ಕಮರಿಯಲ್ಲಿ ಗಾಳಿ ಈ ಬದಿ ಒಂದು ಥರ, ಆ ಬದಿ ಇನ್ನೊಂದು ಥರ. ಜಿಂಕೆಯೂ ನಿಂತೇ ಇರುವುದಿಲ್ಲ. 200 ಗಜಕ್ಕೆ ಗುಂಡು ಮುಟ್ಟಲು ಸೆಕೆಂಡಿನ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ಸಾಕು. ಆದರೆ ಗಂಟೆಗೆ ಮೂರು ಮೈಲಿಯಂತೆ ಸುಮ್ನೆ ನಡೆಯುವ ಜಿಂಕೆ ಅಷ್ಟರಲ್ಲಿ ಒಂದು ಅಡಿ ಮುಂದೆ ಹೋಗಿರುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಇದನ್ನೆಲ್ಲ ಕಳೆದು 175 ಅಂತ ಇಟ್ಟುಕೊಂಡೆ. ಕೂತು, ಕೋಲಿನ ಮೇಲೆ, ನಿಂತ ಜಿಂಕೆಗೆ 175. ಮರಕ್ಕೆ ಒರಗಿ ನಿಂತು ಹೊಡೆಯುವುದಾದರೆ 80. ಏನೂ ಆಸರೆ ಇಲ್ಲದೆ ನಿಂತು ಹೊಡೆಯುವುದಿಲ್ಲ, ನಡೆಯುತ್ತಿರುವುದಕ್ಕೆ ಹೊಡೆಯುವುದಿಲ್ಲ. ಚಿಕ್ಕ ಚೀಟಿಯಲ್ಲಿ ಬರೆದು ಸ್ಟಾಕಿನ ಎಡಗಡೆ, ಕೆನ್ನೆ ತಾಗುವ ಜಾಗದ ಕೆಳಗೆ ಟೇಪ್ ಹಾಕಿ ಅಂಟಿಸಿದೆ. ಕೋವಿ ಎತ್ತುವಾಗ ಕಣ್ಣಿಗೆ ಬೀಳಬೇಕು.

ನವೆಂಬರ್

ಇಲ್ಲಿ ಬಂದೂಕಿನ ಬೇಟೆ ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲ ಶನಿವಾರ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಬೆಳಕು ಹರಿಯುವ ಮೊದಲೇ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ ಹಾಕಿ ಹೋಗಿ ಕೂತೆ. ಕೂತ ಜಾಗದಿಂದ ರೇಂಜ್‌ಫೈಂಡರಿನಲ್ಲಿ ಸುತ್ತಲಿನ ಮರಗಳನ್ನೆಲ್ಲ ಮೊದಲೇ ಅಳೆದಿದ್ದೆ. ಕಮರಿಯ ಆಚೆ ಒಂದು ಒಣಗಿದ ಓಕ್ ಮರ, 172 ಗಜ. ಅದರಿಂದ ಈಚೆ ಸರಿ, ಆಚೆ ಬೇಡ.

ಒಂಬತ್ತು ಗಂಟೆ ಹೊತ್ತಿಗೆ ಆ ಮರದಿಂದ ಎಷ್ಟೋ ಆಚೆ ಒಂದು ಗಂಡು ಬಂತು. ಒಳ್ಳೇ ಕೊಂಬು, ದಪ್ಪ ಕುತ್ತಿಗೆ. 231 ಗಜ. ಅಡ್ಡಕ್ಕೆ ನಿಂತಿತು, ತಲೆ ತಗ್ಗಿಸಿ ಏನೋ ತಿಂದಿತು, ಸುಮಾರು ಎರಡು ನಿಮಿಷ. ಸ್ಕೋಪಿನ ಗೆರೆ ಅದರ ಎದೆಯ ಮೇಲೆ ಕದಲದೆ ನಿಂತಿತ್ತು, ಇದನ್ನು ಒಪ್ಪಿಕೊಳ್ಳಲೇಬೇಕು. ಕಮರಿಯಲ್ಲಿ ಗಾಳಿ ಎಡದಿಂದ ಬಲಕ್ಕೆ ಬೀಸಿ ಒಣಹುಲ್ಲು ಬಾಗಿಸುತ್ತಿತ್ತು. ಬೆರಳು ಟ್ರಿಗರಿನ ಹೊರಗೇ ಇಟ್ಟೆ. ಅದು ಗುಡ್ಡ ಹತ್ತಿ ಹೋಯಿತು. ಕೈ ನಡುಗುತ್ತಿತ್ತು, ಚಳಿಗೆ ಮಾತ್ರ ಅಲ್ಲ.

ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿವರೆಗೆ ಹಿಮ ಬೆರೆತ ಮಳೆ. ಕೋವಿ, ನಾನು ಇಬ್ಬರೂ ತೊಪ್ಪೆ. ಸೋಮವಾರ ಬೆಳಿಗ್ಗೆ ಮಳೆ ನಿಂತ ಮೇಲೆ ಒಂದು ಹೆಣ್ಣು ಜಿಂಕೆ ಈಚೆ ದಡದಲ್ಲಿ ನಿಧಾನಕ್ಕೆ ಬಂತು. 112 ಗಜದಲ್ಲಿ ನಡೆಯುತ್ತಿತ್ತು. ಕಾದೆ. ಬಿದ್ದ ಮರವೊಂದರ ಪಕ್ಕ ನಿಂತು ಹಿಂದಕ್ಕೆ ತಿರುಗಿ ನೋಡಿತು. ಉಸಿರು ಅರ್ಧ ಬಿಟ್ಟು, ಟ್ರಿಗರ್ ಮೆಲ್ಲಗೆ. ಒದೆತ ಬಂದದ್ದು ಗೊತ್ತೇ ಆಗಲಿಲ್ಲ. ಜಿಂಕೆ ಒಂದು ಸಲ ಎಗರಿ, ನಲವತ್ತು ಗಜ ಓಡಿ, ಅಲ್ಲೇ ಬಿತ್ತು. ಹತ್ತಿರ ಹೋಗಿ ಮೊದಲು ಮುಟ್ಟಿದ್ದು ಮುಂಗಾಲನ್ನು. ಗುಂಡು ಭುಜದ ಹಿಂದೆ, ಎರಡೂ ಶ್ವಾಸಕೋಶ ದಾಟಿ ಹೋಗಿತ್ತು. ಸ್ವಲ್ಪ ಹೊತ್ತು ಅದರ ಪಕ್ಕ ಕೂತಿದ್ದೆ.

ಫೋನಿನಲ್ಲೇ ನೋಂದಣಿ ಮಾಡಿಸಿ, ತಲೆಯನ್ನು ಸಿಡಬ್ಲ್ಯೂಡಿ ಪರೀಕ್ಷೆಗೆ ಕೊಟ್ಟೆ. ಜಿಂಕೆಗಳ ಮೆದುಳಿಗೆ ಬರುವ ಈ ರೋಗ ವಿಸ್ಕಾನ್ಸಿನ್ನಿನಲ್ಲಿ 2002ರಲ್ಲಿ ಪತ್ತೆಯಾಯಿತು. ನಮ್ಮ ಈ ಭಾಗದಲ್ಲಿ ಫಲಿತಾಂಶ ಬರುವ ತನಕ ನಾವು ಮಾಂಸ ಮುಟ್ಟುವುದಿಲ್ಲ, ಫ್ರೀಜರಿನಲ್ಲಿ ಬೇರೆಯಾಗಿ ಇಟ್ಟಿದ್ದೇವೆ.

ಮನೆಗೆ ಬಂದು ಜಿಂಕೆಯ ಕೆಲಸ ಮುಗಿಸಿ, ಕೈ ತೊಳೆದು, ಕೋವಿ ಬಿಚ್ಚದೆ ಹಾಗೇ ಬೆಂಚಿನ ಮೇಲೆ ಇಟ್ಟೆ. ಎರಡು ದಿನ ಮಳೆ ಕುಡಿದ ಮರ ಅದು. ಮದುವೆ ಕಾರ್ಡು ಮಡಿಸಿ ತುದಿಯಲ್ಲಿ ಸೇರಿಸಿ ಹಿಂದಕ್ಕೆ ಎಳೆದೆ, ಎಡಗಡೆ ನಿಧಾನಕ್ಕೆ, ಬಲಗಡೆ ನಿಧಾನಕ್ಕೆ. ಲಗ್ಗಿನ ತನಕ ಎಲ್ಲೂ ಹಿಡಿಯಲಿಲ್ಲ. ಮುಂದಿನ ಭಾನುವಾರ ತಣ್ಣನೆ ನಳಿಗೆಯ ಕಾಗದ ತೆಗೆದುಕೊಂಡು ರೇಂಜಿಗೆ ಹೋದೆ. ಹದಿನೈದನೇ ತೂತು ಉಳಿದ ಹದಿನಾಲ್ಕರ ನಡುವೆಯೇ ಬಿತ್ತು. ಪಕ್ಕದಲ್ಲಿ ತಾರೀಕು ಬರೆದೆ.